ಐದೇ ನಿಮಿಷದ ಕೆಲಸ

ನಮ್ಮಕ್ಕನ ಕೈಗೆ ಬಾರದ ಹೊಲಿಗೆ ಇರಲಿಲ್ಲ. ಬಾಯಿಗೆ ಬಾರದ ಮಾತು ಮಾತ್ರ ಒಂದಿತ್ತು. 'ಆಗಲ್ಲ' ಅನ್ನುವ ಮಾತು. ಹಾಲುಹಲ್ಲಿನ ಮಗು ಕೂಡ ಕಾಲು ನೆಲಕ್ಕೆ ಬಡಿದು ಹೇಳುವ ಮಾತು ಅದು. ನಮ್ಮಕ್ಕ ತಲೆ ನೆರೆಯುವವರೆಗೂ ಹೇಳಿರಲಿಲ್ಲ. ಯಾರಿಗೂ ಇಲ್ಲ ಅನ್ನದ ಇವಳು ಮದುವೆಯಾಗದೆ ಹೇಗೆ ಉಳಿದಳು ಎಂದು ಕೆಲವರು ನನ್ನನ್ನು ಕೇಳುತ್ತಾರೆ. ನೋಡಲು ಬಂದವರೆಲ್ಲ ಕೋಟಿನ ಗುಂಡಿ ಹೊಲಿಸಿಕೊಂಡು, ಥ್ಯಾಂಕ್ಸ್ ಹೇಳಿ ಎದ್ದು ಹೋದರು. ಮುಂದಿನ ಮಾತನ್ನು ಯಾರೂ ಕೇಳಲೇ ಇಲ್ಲ.

ಅಂಗಡಿ ನಮ್ಮಪ್ಪನದು. ಬೀಗದ ಕೈ ಮಾಡುವವನ ಗೂಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಉದ್ದನೆಯ ಕೋಣೆ. ಮುಂದೆ ಗಾಜಿನ ಬಾಗಿಲು, ಹಿಂದಿನ ಮೂಲೆಯಲ್ಲಿ ಪರದೆ ಕಟ್ಟಿ ಒಂದು ಆಳೆತ್ತರದ ಕನ್ನಡಿ, ನಡುವೆ ಕತ್ತರಿಸುವ ಮೇಜು. ಅಪ್ಪನ ಕಾಲದಲ್ಲಿ ಇಲ್ಲಿ ಹೊಸ ಕೋಟು ಹೊಲಿಯುತ್ತಿದ್ದರು. ಅಕ್ಕ ಅವರ ಪಕ್ಕ ನಿಂತು ಕೋಟಿನೊಳಗಿನ ಲೈನಿಂಗ್ ಬಟ್ಟೆ ಕತ್ತರಿಸುವುದನ್ನು ಕಲಿತಳು, ಆಮೇಲೆ ಜೇಬು, ಆಮೇಲೆ ಕಾಲರ್. ತೋಳು ಕೂರಿಸುವುದು ಕೈಗೆ ಹತ್ತುವ ಹೊತ್ತಿಗೆ ಜನ ರೆಡಿಮೇಡ್ ಅಂಗಡಿಯ ದಾರಿ ಹಿಡಿದಿದ್ದರು. ಅಪ್ಪ ಬೋರ್ಡು ಅಳಿಸಿ 'ಬಟ್ಟೆ ರಿಪೇರಿ ಮತ್ತು ಆಲ್ಟರೇಷನ್' ಎಂದು ಬರೆಸಿದರು. ಅಂದಿನಿಂದ ಅಕ್ಕ ಮಾಡಿದ್ದೆಲ್ಲ ಬೇರೆಯವರು ಹೊಲಿದದ್ದನ್ನು ಬಿಚ್ಚುವುದು, ಬಿಗಿ ಮಾಡುವುದು, ಮೊಟಕು ಮಾಡುವುದು. ಮೊದಲಿನಿಂದ ಕೊನೆಯವರೆಗೆ ತಾನೇ ಹೊಲಿದದ್ದು ಎಂದು ತೋರಿಸಲು ಅವಳ ಬಳಿ ಒಂದು ಉಡುಪೂ ಇರಲಿಲ್ಲ. ನಾನು ಇಸ್ತ್ರಿ ನೋಡಿಕೊಳ್ಳುತ್ತೇನೆ. ಗುಂಡಿ, ಹುಕ್ಕು, ಬಾಯಿ ಜೋರಿನ ಕೆಲಸ ಕೂಡ ನನ್ನದೇ.

ಗಿರಾಕಿಗಳಲ್ಲಿ ಎಷ್ಟೋ ಬಗೆ ಇದ್ದಾರೆ, ಆದರೆ ಎಲ್ಲರೂ ಬಾಗಿಲು ತಳ್ಳಿಕೊಂಡು ಬಂದು ಹೇಳುವುದು ಒಂದೇ ಮಾತು. "ಐದೇ ನಿಮಿಷದ ಕೆಲಸ." ಈ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹಲ್ಲು ಕೀಳುವ ಡಾಕ್ಟರ ಹತ್ತಿರ ಹೋಗಿ ಯಾರಾದರೂ ಹೀಗೆ ಹೇಳುತ್ತಾರೆಯೇ? ಜಾಕೆಟ್ಟಿನ ಜಿಪ್ ಬದಲಿಸಬೇಕಾದರೆ ಹಳೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಬೇಕು, ಬಟ್ಟೆ ಹರಿಯಬಾರದು, ಹೊಸ ಜಿಪ್ ಅಲೆ ಏಳಬಾರದು. ಇವರಿಗೆ ಅದು ಐದು ನಿಮಿಷ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ "ಕೊಡಿ, ನೋಡ್ತೀನಿ" ಅಂದುಬಿಡುತ್ತಿದ್ದಳು. ಬೇರೆಯವರು 'ನೋಡ್ತೀನಿ' ಅಂದರೆ ಮಾಡುವುದಿಲ್ಲ ಎಂದರ್ಥ. ಅಕ್ಕ ಅಂದರೆ ಸಂಜೆಗೆ ಸಿದ್ಧ ಎಂದರ್ಥ.

ಹೀಗಿರುವಾಗ ಒಂದು ದಿನ ನಾಟಕದಮ್ಮ ಬಂದರು. ಆಕೆ ಊರಿನ ದೊಡ್ಡ ನಾಟಕ ತಂಡದ ಉಡುಪು ವಿಭಾಗವನ್ನು ನೋಡಿಕೊಳ್ಳುವವರು, ನಾವಿಟ್ಟ ಹೆಸರು ನಾಟಕದಮ್ಮ. ಕೋಟಿನಲ್ಲಿ ಹುಳು ತಿಂದ ತೂತು ಮುಚ್ಚಿಸಲು ಬಂದಿದ್ದರು. ಮುಚ್ಚಿದ ಜಾಗ ಎಲ್ಲಿದೆಯೆಂದು ಹುಡುಕಿ ಹುಡುಕಿ ಸೋತು, ಕನ್ನಡಕ ತೆಗೆದು ಅಕ್ಕನ ಮುಖ ನೋಡಿದರು.

"ನಮ್ಮಲ್ಲಿ ಒಬ್ಬರು ಕೆಲಸ ಬಿಡ್ತಿದ್ದಾರೆ. ಹೊಸ ಉಡುಪು ಕತ್ತರಿಸಿ ಹೊಲಿಯೋ ಜಾಗ. ನೀವು ಬರ್ತೀರಾ?" ಅಂದರು. "ಆದ್ರೆ ರಿಪೇರಿ ನೋಡಿ ಕೆಲಸ ಕೊಡೋ ಹಾಗಿಲ್ಲ. ಶುರುವಿಂದ ಕೊನೆವರೆಗೂ ನೀವೇ ಹೊಲಿದಿರೋ ಒಂದು ಉಡುಪು ತೋರಿಸ್ಬೇಕು. ತಿಂಗಳ ಕೊನೇಲಿ ಬನ್ನಿ."

ಅಕ್ಕ "ನೋಡ್ತೀನಿ" ಅಂದಳು. ಆಕೆ ಹೋದ ಮೇಲೆ ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ಒಂದು ಗಂಟು ಇಳಿಸಿದಳು. ದ್ರಾಕ್ಷಿ ಬಣ್ಣದ ಉಣ್ಣೆ ಬಟ್ಟೆ. ಎಂದೋ ಕೊಂಡು, ನುಸಿಗುಳಿಗೆ ಹಾಕಿ ಇಟ್ಟಿದ್ದಳು. ನನಗೇ ಗೊತ್ತಿರಲಿಲ್ಲ. ಅದನ್ನು ಮೇಜಿನ ಮೇಲೆ ಹಾಸಿ ಅಂಗೈಯಿಂದ ಸವರುತ್ತ, "ನನಗೇ ಒಂದು ಕೋಟು ಹೊಲ್ಕೋಬೇಕು ಅಂತಿತ್ತು ಕಣೇ," ಅಂದಳು. ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಯಾರದೋ ಪ್ಯಾಂಟು. ಐದೇ ನಿಮಿಷದ ಕೆಲಸ. ಉಣ್ಣೆ ಬಟ್ಟೆ ಮತ್ತೆ ಕಪಾಟು ಸೇರಿತು.

ಆಗ ನಡುವೆ ಬಂದವಳು ನನ್ನ ಮಗಳು. ಓದು ಮುಗಿಸಿ ಕೆಲಸ ಹುಡುಕುತ್ತಿದ್ದಳು. ಯಾವುದೋ ತರಬೇತಿಗೆ ಹೋಗಿ ಬಂದು ನಮಗೆಲ್ಲ ಉಪದೇಶ ಮಾಡುವುದು ಆ ದಿನಗಳಲ್ಲಿ ಅವಳ ಮುಖ್ಯ ಉದ್ಯೋಗ.

"ದೊಡ್ಡಮ್ಮ, ದೊಡ್ಡ ಗುರಿ ಒಂದು ಇಟ್ಕೊಂಡ್ರೆ ಸಾಲಲ್ಲ. ದಿನಾ ಬೆಳಿಗ್ಗೆ, ಇವತ್ತು ಇದನ್ನ ಮಾಡ್ತೀನಿ ಅಂತ ಒಂದೇ ಒಂದು ಸಂಕಲ್ಪ ಬರೀಬೇಕು. ಕಣ್ಣಿಗೆ ಬೀಳೋ ಜಾಗದಲ್ಲಿ. ಅದು ಆಗೋವರೆಗೂ ಅಳಿಸಬಾರದು."

ನಾನು ನಕ್ಕೆ. "ನಾನೂ ದಿನಾ ಸಂಕಲ್ಪ ಮಾಡ್ತೀನಮ್ಮ, ಇವತ್ತು ಸಿಟ್ಟು ಮಾಡ್ಕೊಳ್ಳಲ್ಲ ಅಂತ. ಹಲ್ಲುಜ್ಜೋ ಹೊತ್ತಿಗೆ ಅದರ ಕತೆ ಮುಗಿದಿರುತ್ತೆ."

ಅಕ್ಕ ನಗಲಿಲ್ಲ. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಅಂಚಿನಲ್ಲಿ ಬರೆದಳು: 'ಇವತ್ತು ಬೆನ್ನು ಕತ್ತರಿಸಬೇಕು.' ಕೋಟಿನ ಬೆನ್ನು. ಹೊಲಿಗೆ ಅಂಗಡಿಯ ಮಾತು ತಿಳಿಯದವರು ಓದಿದರೆ ಪೊಲೀಸರನ್ನು ಕರೆಯುವಂಥ ವಾಕ್ಯ.

ಆಶ್ಚರ್ಯವೆಂದರೆ ಬೆನ್ನು ಕತ್ತರಿಸಿಯೂ ಬಿಟ್ಟಳು. ಅಂದು ಹೊರಗೆ ಗಾಳಿ ಜೋರಾಗಿತ್ತು, ಗಿರಾಕಿಗಳು ಬರಲಿಲ್ಲ. ಸಂಜೆ ಒದ್ದೆ ಬಟ್ಟೆಯಿಂದ ಆ ಬರಹವನ್ನು ಒರೆಸುವಾಗ ಅವಳ ಮುಖದಲ್ಲಿ ಒಂದು ಹೊಳಪಿತ್ತು. ಮರುದಿನ 'ಮುಂಭಾಗ' ಎಂದು ಬರೆದಳು. ಅಂದು ಗಾಳಿ ನಿಂತಿತ್ತು. ಬಾಗಿಲು ತೆರೆದದ್ದೇ ತಡ, ಜನ ಮೈಮೇಲೆ ಬಿದ್ದರು. ಅವರ ಹೊಟ್ಟೆ, ಚೀಲ, ಮೊಣಕೈ ತಾಗಿ ಅಂಚಿನ ಬರಹ ಮಧ್ಯಾಹ್ನದೊಳಗೆ ಅಳಿಸಿಹೋಯಿತು. ಅದರ ಮರುದಿನವೂ ಅದೇ ಪಾಡು. ಅಕ್ಕ ಬರೆಯುವಳು, ಊರವರು ಒರೆಸುವರು.

ನೋಡಿ ನೋಡಿ ನನಗೆ ಸಾಕಾಯಿತು. "ಅಕ್ಕಾ, ನಿನ್ನ ಕೋಟಿಗೆ ಅಡ್ಡ ನಿಂತಿರೋದು ತೋಳೂ ಅಲ್ಲ, ಕಾಲರೂ ಅಲ್ಲ. ಒಂದೇ ಒಂದು ಮಾತು. ಅದನ್ನೇ ಬರಿ. ಇವತ್ತು ಒಬ್ಬರಿಗಾದ್ರೂ ಆಗಲ್ಲ ಅಂತೀನಿ ಅಂತ ಬರಿ."

"ಅದನ್ನ ಬರೆದ್ರೆ ಬರೋರು ಓದಲ್ವೇನೇ?"

"ಓದ್ಲಿ. ಓದಿ ಹಾಗೇ ವಾಪಸ್ ಹೋಗ್ಲಿ."

ಅಷ್ಟೊಂದು ಬರೆಯುವ ಧೈರ್ಯ ಅವಳಿಗೆ ಬರಲಿಲ್ಲ. 'ಆಗಲ್ಲ' ಎಂದಷ್ಟೇ ಬರೆದಳು. ಅಂಚಿನಲ್ಲಿದ್ದರೆ ಅಳಿಸಿಹೋಗುತ್ತದೆಂದು ಮೇಜಿನ ನಟ್ಟನಡುವೆ, ದಪ್ಪಗೆ, ತಿದ್ದಿ ತಿದ್ದಿ ಬರೆದಳು. ಆಮೇಲೆ ನಾನು ಪಾಠ ಶುರು ಮಾಡಿದೆ. ಹೊರಗೆ ಹೋಗಿ, ಬಾಗಿಲು ತಳ್ಳಿ, ಸೊಂಟದ ಮೇಲೆ ಕೈಯಿಟ್ಟು, "ಅಮ್ಮಾ, ಐದೇ ನಿಮಿಷದ ಕೆಲಸ," ಅಂದೆ.

ಅಕ್ಕ ಮೇಜಿನ ಮೇಲಿನ ಬರಹ ನೋಡಿದಳು. ನನ್ನ ಮುಖ ನೋಡಿದಳು. "ಆಗ... ಆಗ... ಆಯ್ತು ಕೊಡಿ," ಅಂದಳು.

"ನಾನು ನಿನ್ನ ತಂಗಿ ಕಣೇ! ನನ್ನ ಕೈಲಿ ಬಟ್ಟೆನೇ ಇಲ್ಲ!"

"ನೀನು ಅಷ್ಟು ಪಾಪದ ಮುಖ ಮಾಡ್ಕೊಂಡು ಕೇಳಿದ್ರೆ ಏನ್ ಮಾಡ್ಲಿ?" ಅಂದಳು. ಇಂಥವಳಿಗೆ ಏನು ಕಲಿಸುವುದು? ನಾನು ಹಣೆ ಚಚ್ಚಿಕೊಂಡು ಇಸ್ತ್ರಿಗೆ ಹೋದೆ.

ಆ ಮಧ್ಯಾಹ್ನವೇ ಮದುಮಗನ ತಾಯಿ ಬಂದರು. ಮಗನ ಮದುವೆ ಮರುದಿನ. ಕಪ್ಪು ಕೋಟು ತಂದಿದ್ದರು. "ಮದುವೆ ಚಿಂತೇಲಿ ಹುಡುಗ ಇಳಿದುಹೋಗಿದ್ದಾನೆ. ಸೊಂಟದ ಹತ್ರ ಸ್ವಲ್ಪ ಹಿಡೀಬೇಕು. ಐದೇ ನಿಮಿಷದ ಕೆಲಸ."

ಅಕ್ಕ ಅಂದು ಮುಂಭಾಗ ಕತ್ತರಿಸಬೇಕೆಂದು ಬಟ್ಟೆ ಇಳಿಸಿಟ್ಟುಕೊಂಡಿದ್ದಳು. ಬಾಯಿ ತೆರೆದಳು. ನಾನು ಇಸ್ತ್ರಿಪೆಟ್ಟಿಗೆ ಹಿಡಿದು ಉಸಿರು ಬಿಗಿಹಿಡಿದು ನಿಂತೆ. ಆ ತಾಯಿಯ ಕಣ್ಣು ಮೇಜಿನ ಕಡೆಗೆ ಹೊರಳುತ್ತಿದ್ದುದನ್ನು ಕಂಡು ಅಕ್ಕನಿಗೆ ನಾಚಿಕೆಯಾಯಿತು. ಮದುವೆ ಮನೆಯವರು ಆ ಮಾತು ಓದಿದರೆ ಏನೆಂದುಕೊಂಡಾರು ಎಂದು ಗಾಬರಿಯಾಯಿತು. ಥಟ್ಟನೆ ಕೋಟು ಕಿತ್ತುಕೊಂಡು ಆ ಬರಹದ ಮೇಲೆ ಮಕಾಡೆ ಹಾಸಿಬಿಟ್ಟಳು. "ಕೊಡಿ, ನೋಡ್ತೀನಿ."

ಕಪ್ಪು ಬಟ್ಟೆ ಹಾಸುವ ಮೊದಲು ಮೇಜು ಒರೆಸಬೇಕು. ಅಪ್ಪ ನಮಗೆ ಕಲಿಸಿದ ಮೊಟ್ಟಮೊದಲ ಪಾಠ ಅದು, ಸೂಜಿಗೆ ದಾರ ಪೋಣಿಸುವುದಕ್ಕಿಂತ ಮುಂಚೆ. ಅಕ್ಕ ಒರೆಸಲಿಲ್ಲ. ಸೊಂಟ ಹಿಡಿದು ಹೊಲಿದಾದ ಮೇಲೆ ಕೋಟನ್ನು ಮತ್ತೆ ಅದೇ ಜಾಗದಲ್ಲಿ ಮಕಾಡೆ ಹಾಸಿದೆವು. ನಾನು ಬೆನ್ನಿನ ಮೇಲೆ ಭಾರ ಹಾಕಿ ಇಸ್ತ್ರಿ ಎಳೆದೆ. ಮುಂಭಾಗಕ್ಕೆ ಬ್ರಷ್ ಹೊಡೆದು ಕೊಡುವುದು ನನ್ನ ಕೆಲಸ. ಆದರೆ ಆಕೆ ಬೇಗ ಬೇಗ ಎಂದು ತಲೆ ತಿನ್ನುತ್ತಿದ್ದರು. ಹಾಗೇ ಮಡಚಿ ಕವರಿಗೆ ಹಾಕಿ ಸಾಗಹಾಕಿದೆ.

ಮುಂದಿನದು ನಮಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಮದುಮಗ ಮತ್ತು ಅವನ ತಾಯಿ ಓಡೋಡಿ ಅಂಗಡಿಗೆ ಬಂದಾಗ. ಹುಡುಗ ಕೋಟು ತೊಟ್ಟು ಮನೆಯ ಕನ್ನಡಿಯ ಮುಂದೆ ನಿಂತನಂತೆ. ಹಿಂದೆ ನೆಂಟರ ದಂಡು. ಎದೆಯ ಮೇಲೆ ಏನೋ ಬಿಳಿ ಗೀಚು. ನೇರವಾಗಿ ನೋಡಿದವರಿಗೆ ಬರೀ ಕಲೆ. ಆದರೆ ಮೇಜಿನಿಂದ ಬಟ್ಟೆಗೆ ಹತ್ತಿದ ಅಕ್ಷರ ಎಡಬಲ ತಿರುಗಿರುತ್ತದೆ, ಕನ್ನಡಿಯಲ್ಲಿ ಅದು ಮತ್ತೆ ನೆಟ್ಟಗಾಗುತ್ತದೆ. ಕಣ್ಣೇ ಕಾಣುವುದಿಲ್ಲ ಎಂದು ವರ್ಷಗಳಿಂದ ಹೇಳುತ್ತ ಬಂದಿದ್ದ ಅಜ್ಜಿ, ಕನ್ನಡಿ ನೋಡಿ ಎಲ್ಲರಿಗೂ ಕೇಳುವಂತೆ ಓದಿದರಂತೆ: "ಆಗಲ್ಲ."

"ಹುಡುಗಿ ಕಡೆಯವರು ನೋಡಿದ್ರೆ ಏನ್ ಗತಿ ನಮ್ಮದು?" ತಾಯಿ ಕೆಂಡವಾಗಿದ್ದರು. "ಮದುವೆ ಕೋಟಿನ ಮೇಲೆ ಯಾರು ಇದನ್ನ ಬರೆದದ್ದು?"

ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಬ್ರಷ್ ತೆಗೆದುಕೊಂಡು ಹುಡುಗನ ಎದೆ ಉಜ್ಜತೊಡಗಿದಳು. ನಾಲ್ಕು ಸಲ ಉಜ್ಜುವಷ್ಟರಲ್ಲಿ ಸುಣ್ಣ ಉದುರಿಹೋಯಿತು. ಹುಡುಗ ಮಾತ್ರ ನಗುತ್ತಿದ್ದ. "ಇರ್ಲಿ ಬಿಡಿ ಆಂಟಿ, ಬೆಳಿಗ್ಗೆ ಹೆದರಿಕೊಂಡಿದ್ದೆ, ಈಗ ನಕ್ಕು ನಕ್ಕು ಹೆದರಿಕೆ ಹೋಯ್ತು. ಯಾರಿಗೆ ಬರೆದಿದ್ರಿ ಅದನ್ನ?"

"ನನಗೇ ಬರ್ಕೊಂಡಿದ್ದಪ್ಪ," ಅಂದಳು ಅಕ್ಕ. ಅವಳ ಕಣ್ಣಲ್ಲಿ ನೀರು ನಿಂತಿತ್ತು.

ಅಷ್ಟಕ್ಕೇ ಮುಗಿಯಿತೆಂದುಕೊಂಡೆ. ತಾಯಿ ಚೀಲದಿಂದ ಇನ್ನೊಂದು ಬಟ್ಟೆ ತೆಗೆದರು. "ಹೇಗೂ ಬಂದಾಯ್ತಲ್ಲ, ಇವನ ತಮ್ಮನ ಪ್ಯಾಂಟೂ ಉದ್ದ ಆಗಿದೆ. ಐದೇ ನಿಮಿಷ." ನಾನು ಹಲ್ಲು ಕಚ್ಚಿಕೊಂಡು ಅಕ್ಕನ ಕಡೆ ನೋಡಿದೆ. ಅವಳು ಕೈ ಚಾಚಿ ಆಗಲೇ ಪ್ಯಾಂಟು ತೆಗೆದುಕೊಂಡಾಗಿತ್ತು.

ಅಂದಿನಿಂದ ಅವಳು ಮೇಜಿನ ಮೇಲೆ ಬರೆಯುವುದನ್ನು ಬಿಟ್ಟಳು. ಬೆಳಿಗ್ಗೆ ಬಂದವಳೇ ಮೇಜು ತೊಳೆದಂತೆ ಒರೆಸುತ್ತಿದ್ದಳು. ಸಂಕಲ್ಪದ ಮಾತೆತ್ತಿದರೆ, "ನಮ್ಮಂಥವರಿಗಲ್ಲ ಬಿಡು ಅದು," ಅನ್ನುತ್ತಿದ್ದಳು. ಕೋಟು ಮಾತ್ರ ಹೇಗೋ ಆಮೆ ನಡಿಗೆಯಲ್ಲಿ ಮುಂದೆ ಹೋಗುತ್ತಿತ್ತು. ಊಟದ ಹೊತ್ತಿನಲ್ಲಿ ಒಂದು ಜೇಬು, ಬಾಗಿಲು ಹಾಕಿದ ಮೇಲೆ ಅರ್ಧ ತೋಳು. ತಿಂಗಳ ಕೊನೆ ಹತ್ತಿರ ಬಂತು. ಆಗದು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ನಿಜ ಹೇಳಬೇಕೆಂದರೆ ಒಳಗೊಳಗೆ ಸ್ವಲ್ಪ ಸಮಾಧಾನವೂ ಆಗಿತ್ತು. ಅವಳು ಹೋದರೆ ಆ ಉದ್ದ ಕೋಣೆಯಲ್ಲಿ ನಾನೊಬ್ಬಳೇ ಯಾರ ಮೇಲೆ ರೇಗಲಿ?

ನಾಟಕದಮ್ಮನಿಗೆ ಕೋಟು ತೋರಿಸಬೇಕಾದ ಹಿಂದಿನ ಸಂಜೆ ಕಾಲರ್ ಒಂದು ಉಳಿದಿತ್ತು. ಕೋಟಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅದು. ಒಂದು ಎಳೆ ಆಚೀಚೆಯಾದರೆ ಕತ್ತು ಸೊಟ್ಟಗೆ ಕಾಣುತ್ತದೆ. ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮೇಜಿನ ಮೇಲೆ ಬಾಗಿದ್ದಳು.

ಅದೇ ದಿನ ನನ್ನ ಮಗಳಿಗೆ ಕೆಲಸ ಸಿಕ್ಕ ಸುದ್ದಿ ಬಂದಿತ್ತು. ಮರುದಿನವೇ ಸೇರಬೇಕು. ಕೊಂಡು ತಂದ ಪ್ಯಾಂಟು ನೆಲ ಗುಡಿಸುವಷ್ಟು ಉದ್ದ. ನನಗೆ ಅಂಚು ಮಡಚಿ ಹೊಲಿಯಲು ಬರುತ್ತದೆ. ಆದರೆ ಅಕ್ಕ ಹೊಲಿದರೆ ಹೊರಗಿನಿಂದ ಒಂದು ಚುಕ್ಕೆಯೂ ಕಾಣುವುದಿಲ್ಲ, ನಾನು ಹೊಲಿದರೆ ಅಲ್ಲಲ್ಲಿ ಇಣುಕುತ್ತದೆ. ಮಗಳ ಮೊದಲ ದಿನ. ನಾನು ಖುಷಿಯಲ್ಲಿ ಕಣ್ಣು ಕಾಣದವಳಂತಾಗಿದ್ದೆ. ಬಾಗಿಲು ತಳ್ಳಿಕೊಂಡು ಹೋಗಿ ಪ್ಯಾಂಟನ್ನು ಅವಳ ಮುಂದೆ ಹಿಡಿದೆ.

"ಅಕ್ಕಾ, ಇದೊಂದು ಮಾಡ್ಕೊಡೇ. ಐದೇ ನಿಮಿಷದ ಕೆಲಸ."

ಅಕ್ಕ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ನೆಟ್ಟಗೆ ನಿಂತಳು.

"ಆಗಲ್ಲ," ಅಂದಳು.

"ಏನು?"

"ಆಗಲ್ಲ. ಇವತ್ತು ಕಾಲರ್ ಕೂರಿಸ್ಬೇಕು. ನಿನಗೆ ಬರುತ್ತಲ್ಲ, ನೀನೇ ಹೊಲಿ."

ನನಗೆ ಮೈಯೆಲ್ಲ ಉರಿದುಹೋಯಿತು. "ದಾರೀಲಿ ಹೋಗೋರಿಗೆಲ್ಲ ಹೊಲಿದು ಕೊಡ್ತೀಯ. ಅವರ ಮುಂದೆ ನಿನ್ನ ಬಾಯಿಗೆ ಬೀಗ ಬೀಳುತ್ತೆ. ನನ್ನ ಮಗಳ ಮೊದಲನೇ ದಿನಕ್ಕೆ ಆಗಲ್ವಾ? ಆ ಮಾತು ಕಲಿಸಿದವಳು ನಾನು, ನನಗೇ ಮೊದಲು ಹೇಳ್ತೀಯಾ?"

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ನಿನಗಲ್ದೆ ಇನ್ಯಾರಿಗೆ ಮೊದಲು ಹೇಳ್ಲಿ? ಬೇರೆಯವರಿಗೆ ಅಂದ್ರೆ ಮತ್ತೆ ಈ ಕಡೆ ತಲೆ ಹಾಕಲ್ವೇನೋ ಅಂತ ಭಯ ಕಣೇ ನನಗೆ. ನೀನಾದ್ರೆ ಎಷ್ಟೇ ಸಿಟ್ಟು ಮಾಡ್ಕೊಂಡು ಹೋದ್ರೂ ನಾಳೆ ಬೆಳಿಗ್ಗೆ ಬಂದೇ ಬರ್ತೀಯ. ಅದಕ್ಕೇ ನಿನ್ನಿಂದ ಶುರು ಮಾಡಿದೆ."

ಇಷ್ಟು ವರ್ಷ ಅವಳು ಎಲ್ಲರಿಗೂ ಕೊಡಿ ಕೊಡಿ ಎಂದದ್ದು ಒಳ್ಳೆಯತನವೆಂದು ತಿಳಿದಿದ್ದೆ, ಪೆದ್ದುತನವೆಂದು ಬೈದಿದ್ದೆ. ಅದು ಭಯವೆಂದು ನನಗೆ ಹೊಳೆದಿರಲಿಲ್ಲ. ಸಿಟ್ಟು ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಬಿಟ್ಟು ಹೋಗಲೂ ಆಗಲಿಲ್ಲ. ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತು, ಮುಖ ಊದಿಸಿಕೊಂಡು, ಪ್ಯಾಂಟಿನ ಅಂಚು ಮಡಚಿದೆ. ಅಕ್ಕ ಆ ತುದಿಯಲ್ಲಿ ಕಾಲರ್ ಕೂರಿಸಿದಳು. ಒಮ್ಮೆಯೂ ನನ್ನ ಕಡೆ ತಿರುಗಿ "ಕೊಡು ಇಲ್ಲಿ" ಅನ್ನಲಿಲ್ಲ. ಅನ್ನಲಿ ಎಂದು ನಾನು ಕಾಯುತ್ತಿದ್ದೆ. ಅನ್ನದೆ ಇದ್ದದ್ದಕ್ಕೆ, ಕೊನೆಕೊನೆಗೆ, ಸಂತೋಷವೂ ಆಯಿತು.

ಅವಳಿಗೆ ಆ ಕೆಲಸ ಸಿಕ್ಕಿತು. ನಾಟಕದಮ್ಮ ಕೋಟನ್ನು ಒಳಹೊರಗು ಮಾಡಿ ಹೊಲಿಗೆಯ ಹಿಂಬದಿಯನ್ನೇ ಮೊದಲು ನೋಡಿದರಂತೆ, ಆಮೇಲೆ "ಯಾವಾಗಿಂದ ಬರ್ತೀರಿ?" ಅಂದರಂತೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಣ್ಣಿಗೆ ಕಟ್ಟಿರುವುದು ಅದಲ್ಲ. ಕೋಟು ತೋರಿಸಲು ಅವಳು ಅಲ್ಲಿಗೆ ಹೊರಟ ಬೆಳಗು.

ನಾನು ಬಂದೇ ಬಂದಿದ್ದೆ. ಅಕ್ಕ ಕೋಟು ತೊಟ್ಟು ನಿಂತಿದ್ದಳು. ಮಡಚಿ ಒಯ್ದರೆ ಕಾಲರ್ ಕೆಡುತ್ತದೆ, ತೊಟ್ಟುಕೊಂಡೇ ಹೋಗುತ್ತೇನೆ ಎಂದಳು. ಅವಳ ಭುಜ ಇಷ್ಟು ನೇರ ಎಂದು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಬಾಗಿಲಿಗೆ ಕೈ ಹಾಕಿದ್ದಳು, ಆಚೆಯಿಂದ ಯಾರೋ ತಳ್ಳಿದರು. ಮದುಮಗನ ತಾಯಿ. ಕೈಯಲ್ಲಿ ಅದೇ ಕಪ್ಪು ಕೋಟು.

"ಮದುವೆ ಊಟ ಮೈಗೆ ಹಿಡಿದುಬಿಟ್ಟಿದೆ ನಮ್ಮ ಹುಡುಗನಿಗೆ. ಹಿಡಿದಿದ್ದನ್ನ ಮತ್ತೆ ಬಿಚ್ಚಿಕೊಡ್ಬೇಕು. ಸಂಜೆ ಎಲ್ಲೋ ಹೋಗ್ಬೇಕಂತೆ. ಐದೇ ನಿಮಿಷದ ಕೆಲಸ."

ಅಕ್ಕನ ಕೈ ತಾನಾಗಿ ಮುಂದೆ ಬಂತು. ನಾನು ನಡುವೆ ಬಾಯಿ ಹಾಕಬೇಕೆಂದಿದ್ದೆ, ನಾಲಿಗೆ ಕಚ್ಚಿಕೊಂಡೆ. ಬಂದ ಕೈ ಅರ್ಧದಲ್ಲಿ ನಿಂತಿತು. ಹಿಂದೆ ಹೋಯಿತು. ಕೋಟಿನ ಜೇಬಿನೊಳಗೆ ಸೇರಿಕೊಂಡಿತು.

"ಇವತ್ತು ಆಗಲ್ಲಮ್ಮ," ಅಂದಳು. ದನಿ ಸಣ್ಣದಾಗಿತ್ತು, ಆದರೆ ಮಾತು ಪೂರ್ತಿ ಬಂತು.

"ಹೌದಾ? ಸರಿ ಬಿಡಿ. ಸಂಜೆಗೆ ಬೇರೆ ಯಾವುದಾದ್ರೂ ಹಾಕ್ಕೊಂಡು ಹೋಗ್ತಾನೆ. ನಾಳೆ ತರ್ತೀನಿ," ಅಂದರು ಆಕೆ. ಹೋಗುತ್ತ ತಿರುಗಿ, "ಕೋಟು ಚೆನ್ನಾಗಿದೆ," ಎಂದೂ ಅಂದರು. ಬಾಗಿಲು ಮುಚ್ಚಿಕೊಂಡಿತು.

ಅಕ್ಕ ಗಾಜಿನ ಆಚೆ ಆಕೆ ರಸ್ತೆ ದಾಟುವುದನ್ನೇ ನೋಡುತ್ತ ನಿಂತಳು. ಆಕೆ ತಿರುಗಿ ನೋಡಲಿಲ್ಲ, ಮುಖ ಗಂಟು ಹಾಕಿಕೊಳ್ಳಲಿಲ್ಲ, ಔಷಧಿ ಅಂಗಡಿಯ ಮುಂದೆ ಯಾರನ್ನೋ ಮಾತಾಡಿಸುತ್ತ ನಕ್ಕರು.

"ಇಷ್ಟೇನಾ?" ಅಂದಳು ಅಕ್ಕ.

"ಇಷ್ಟೇ."

"ಇಷ್ಟೇನಾ..." ಎಂದು ಇನ್ನೊಮ್ಮೆ ಅಂದಳು. ಆ ಮೇಜಿನ ಕಡೆ, ಮೇಲಿನ ಕಪಾಟಿನ ಕಡೆ ಒಂದು ಸಲ ನೋಡಿದಳು. ಕಣ್ಣು ತುಂಬಿಕೊಂಡು ಬಂತು. ಹೊಸ ತೋಳಿಗೇ ಒರೆಸಿಕೊಳ್ಳಲು ಹೊರಟವಳ ಕೈ ಹಿಡಿದು ನನ್ನ ಕರವಸ್ತ್ರ ಕೊಟ್ಟೆ.

"ಹೋಗೇ, ಬಸ್ಸು ಬರುತ್ತೆ," ಅಂದೆ.